ಒಲಿ ಕಲ್ಲಿನ ಮ್ಯಾಲ ಮನಿ ನಂಬರು

ನಮ್ಮ ಅವ್ವ ಒಮ್ಮೆ ಸರಕಾರದ ಕಾಗದದಾಗ ಒಂದು ಮನಿ ಆಗಿದ್ದಳು. ಆಕಿ ಮನಿ ಕಟ್ಟಿಸಲಿಲ್ಲ, ಕೊಳ್ಳಲಿಲ್ಲ, ಬಾಡಿಗಿಗೂ ಹಿಡಿಯಲಿಲ್ಲ. ನನ್ನ ಗಂಡನ ಮನಿ ಅಂಗಳದಾಗ ಮೂರು ಕಲ್ಲು ಹೂಡಿ ಒಲಿ ಹಚ್ಚಿದಳು, ಅಷ್ಟೇ. ಖಾನೇಸುಮಾರಿಯವರು ಬಂದು ಅದರಾಗಿನ ಒಂದು ಕಲ್ಲಿಗೆ ಗೇರು, ಅಂದರ ಕೆಮ್ಮಣ್ಣು, ಬಳಿದು ನಂಬರು ಹಾಕಿ ಹೋದರು. ಈಗ ಜನಗಣತಿ ಅಂತಾರಲ್ಲ, ಅದಕ್ಕ ಆಗ ಖಾನೇಸುಮಾರಿ ಅಂತಿದ್ದರು. ಇದೆಲ್ಲ ನನ್ನ ಚೊಚ್ಚಲ ಬಾಣಂತನದ ಸಲುವಾಗಿ ಆದದ್ದು. ತಪ್ಪು ಯಾರದು ಅಂತ ಕೇಳಿದರ ನಮ್ಮ ಅತ್ತಿಯದು. ಆಕಿ ಇದ್ದಾಗ ಇದನ್ನ ಆಕಿಯ ಮುಂದೇ ಹೇಳಿದ್ದೇನಿ, ಆದ್ದರಿಂದ ಈಗ ಬರೆದರ ಚಾಡಿ ಆಗೂದಿಲ್ಲ.

ಮೊದಲು ನಮ್ಮ ಸಂಬಂಧ ಹೇಳಿಬಿಡತೇನಿ, ಇಲ್ಲಂದರ ಮುಂದಿಂದು ತಿಳಿಯೂದಿಲ್ಲ. ನನ್ನ ಅತ್ತಿ ಅಂದರ ನನ್ನ ಅಪ್ಪನ ಖಾಸ ಅಕ್ಕ. ಹಂಗಾಗಿ ಆಕಿಯ ತವರುಮನಿ, ನನ್ನ ತವರುಮನಿ ಎರಡೂ ಒಂದೇ. ಆ ಮನಿ ಇದ್ದದ್ದು ಸೊಲ್ಲಾಪುರದ ಮಗ್ಗಲ ಹಳ್ಳಿಯಾಗ, ಅಂಗ್ರೇಜರ ಮುಲುಕಿನಾಗ. ಅತ್ತಿ ಕೊಟ್ಟ ಊರು, ಆಮ್ಯಾಲ ನನ್ನನ್ನೂ ಕೊಟ್ಟ ಊರು, ಕಲ್ಯಾಣಿ. ಈಗ ಅದಕ್ಕ ಬಸವಕಲ್ಯಾಣ ಅಂತಾರ. ಆಗ ಅದು ನಿಜಾಮರ ರಾಜ್ಯ. ಎರಡು ಊರಿನ ನಡುವ ಮೋಟಾರಿನಾಗ ಒಂದು ಹಗಲಿನ ದಾರಿ, ದಾರಿಯಾಗ ಒಂದು ಸುಂಕದ ನಾಕಾ, ನಾಕಾದಾಗ ಗಂಟು ಬಿಚ್ಚಿ ನೋಡೋ ಸಿಪಾಯಿ. ನಮಗ ಅದು ಎರಡು ರಾಜ್ಯ ಅಂತ ನೆನಪಾಗತಿದ್ದದ್ದು ಆ ಸಿಪಾಯಿ ಬೆಲ್ಲದ ಪೆಂಟಿ ಚುಚ್ಚಿ ನೋಡಿದಾಗ ಮಾತ್ರ.

ಮಾವ ನಾನು ಬರೋ ಮೊದಲೇ ತೀರಿಕೊಂಡಿದ್ದ. ನನ್ನ ಗಂಡ ಹುಮನಾಬಾದಿನ ಕಾಳಿನ ಪೇಟೆಯಾಗ ಒಂದು ಅಡತಿ ಅಂಗಡಿಯಲ್ಲಿ ಜೋಳ, ತೊಗರಿ ತೂಗತಿದ್ದ. ಎಂಟು ದಿನಕ್ಕೊಮ್ಮೆ ಮನಿಗೆ ಬರತಿದ್ದ, ಮೈತುಂಬ ಹೊಟ್ಟು ಹತ್ತಿಸಿಕೊಂಡು. ಉಳಿದ ದಿನ ಮನಿಯಾಗ ನಾನು, ಅತ್ತಿ, ಮತ್ತು ಒಂದು ಎಮ್ಮಿ.

ದೊಡ್ಡ ಲಡಾಯಿ ನಡೆದಿದ್ದ ಆ ವರ್ಷ ದೀಪಾವಳಿ ಮುಗಿದು ಸ್ವಲ್ಪ ದಿನಕ್ಕ ಖಾನೇಸುಮಾರಿಯ ಮೊದಲ ಸುತ್ತು ಬಂತು. ನನಗ ಆರು ತಿಂಗಳು. ಬಂದವರು ಉರ್ದು ಶಾಲಿಯ ಮಾಸ್ತರಸಾಹೇಬರು. ಮದರಂಗಿ ಹಚ್ಚಿದ ಗಡ್ಡ, ಒಂದು ಕೈಯಾಗ ಗೇರು ಕಲಸಿದ ಡಬ್ಬಿ, ಇನ್ನೊಂದು ಕೈಯಾಗ ಕುಂಚ, ಬಗಲಾಗ ಕಾಗದದ ಕಟ್ಟು. ಅವರ ಮನೆತನ ಕಿಲ್ಲಾ ಕಟ್ಟಿದ ಕಾಲದಿಂದ ಇದೇ ಊರಾಗ. ಊರಾಗ ಯಾರ ಮನಿಯಾಗ ಎಷ್ಟು ಮಂದಿ ಅಂತ ಅವರಿಗೆ ಕೇಳದೆಯೇ ಗೊತ್ತಿತ್ತು. ಆದರೂ ಕೇಳಿ ಬರೀಬೇಕು ಅಂತ ಹುಕುಂ. ಬಾಗಿಲಿಗೆ ನಂಬರು ಬರೆದು, ಕಟ್ಟಿ ಮ್ಯಾಲ ಕೂತು, ಹೆಸರು, ವಯಸ್ಸು, ಕಸುಬು ಅಂತ ಒಂದೊಂದೇ ಕೇಳಿದರು. ಎಲ್ಲಿ ಹುಟ್ಟೀರಿ ಅಂತ ಕೇಳೋ ತನಕ ಎಲ್ಲ ಸರಳ ನಡೆದಿತ್ತು.

ಅತ್ತಿ, ನಾ ಇಲ್ಲಿಗೆ ಬಂದು ನಲವತ್ತು ವರ್ಷ ಆತು ಅಂದಳು.

"ಬಂದದ್ದು ಕೇಳಿಲ್ಲ ಅಮ್ಮಾ, ಹುಟ್ಟಿದ್ದು ಕೇಳಾಕತ್ತೇನಿ."

ಅತ್ತಿ ತವರಿನ ಹೆಸರು ಹೇಳಿದಳು. ಮಾಸ್ತರರು ಬರೆದರು. ಸೊಸಿ? ಅದೇ ಊರು. ಬರೆದರು. ಮಗ? ಅತ್ತಿ ಅವರನ್ನ ದಿಟ್ಟಿಸಿ ನೋಡಿ, ತವರಾಗಲ್ಲದೇ ಚೊಚ್ಚಲ ಕೂಸನ್ನ ಬಜಾರದಾಗ ಹಡೀತಾರೇನು ಅಂತ ಕೇಳಿದಳು. ಮಾಸ್ತರರು ಅದನ್ನೂ ಬರೆದರು. ಬರೆದು ಮ್ಯಾಲಿಂದ ಕೆಳಗ ಓದಿಕೊಂಡು ಗಡ್ಡ ಸವರಿದರು.

"ಮೂರಕ್ಕ ಮೂರೂ ಮಂದಿ ಹೊರಗಿನವರು. ಈ ಮನ್ಯಾಗ ಊರವರು ಯಾರೂ ಇಲ್ಲೇನ್ರಿ? ಆ ಎಮ್ಮಿ ಎಲ್ಲಿದು?"

"ರಾಜೇಶ್ವರದ್ದು, ಇಲ್ಲೇ ಮಗ್ಗಲ ಊರಿಂದು" ಅಂದಳು ಅತ್ತಿ.

"ಹಂಗಂದ್ರ ಈ ಮನ್ಯಾಗ ಮುಲ್ಕಿ ಅಂದ್ರ ಅದೊಂದೇ ನೋಡ್ರಿ."

ಅವರು ನಗಚಾಟಿಗೆ ಅಂದದ್ದು. ನಾನು ಬಾಗಿಲ ಮರೆಯಾಗ ನಿಂತು ನಕ್ಕೆ. ಅತ್ತಿ ನಗಲಿಲ್ಲ. ಮುಲ್ಕಿ ಅಂದರ ಈ ರಾಜ್ಯದ ಖಾಸ ಮನುಷ್ಯ. ಹಂಗಂತ ಬರೆದ ಸನದು ಇಲ್ಲದಿದ್ದರ ನಿಜಾಮರ ಸರಕಾರದಾಗ ಕಸ ಹೊಡಿಯೋ ನೌಕರಿಯೂ ಸಿಗತಿರಲಿಲ್ಲ. ನನ್ನ ಗಂಡ ಹೊಟ್ಟು ಕುಡಿದು ಬ್ಯಾಸತ್ತು ಹುಮನಾಬಾದಿನ ನಾಕಾದಾಗ ಖಾಲಿ ಇದ್ದ ಒಂದು ಸಿಪಾಯಿ ಜಾಗಕ್ಕ ಅರ್ಜಿ ಹಾಕಿದ್ದ. ಆ ಸನದಿಗೂ ಕಚೇರಿಗೆ ಕಾಗದ ಹೋಗಿತ್ತು. ಅತ್ತಿಗೆ ಆ ಮಾತು ಸೀದಾ ಅಲ್ಲಿ ಹೋಗಿ ಚುಚ್ಚಿತು.

ಅಷ್ಟರಾಗ ಎದುರು ಮನಿಯ ಮುದುಕ ಕಟ್ಟಿಗೆ ಬಂದು ಕೂತ. ಅವನದು ಆವಾಗಲೇ ಬರೆದು ಮುಗಿದಿತ್ತು. ಅಂವ ಸಣ್ಣ ವಯಸ್ಸಿನಾಗ ಸೊಲ್ಲಾಪುರದ ಗಿರಣಿಗೆ ಹೋಗಿ ಹನ್ನೆರಡು ವರ್ಷ ದುಡಿದು, ಕೆಮ್ಮು ಹತ್ತಿಸಿಕೊಂಡು ವಾಪಸ್ ಬಂದಾಂವ. ಅತ್ತಿ, ಇವನನ್ನ ಏನಂತ ಬರೆದೀರಿ ಅಂತ ಕೇಳಿದಳು. ಮಾಸ್ತರರು, ಇಲ್ಲೇ ಹುಟ್ಟ್ಯಾನ, ಇಲ್ಲೇ ಇದ್ದಾನ, ಎಲ್ಲಿಗೂ ಹೋಗದಾಂವ ಅಂತ ಬರೆದೇನಿ ಅಂದರು. ಮುದುಕ ಕೆಮ್ಮಿಕೋತ ತಲಿ ಅಲ್ಲಾಡಿಸಿದ. ಅವನಿಗೇ ನಂಬಿಕಿ ಬರಲಿಲ್ಲ.

ಆಗ ಮಾಸ್ತರರು ನಮಗೆಲ್ಲ ಶಾಲಿ ಹುಡುಗರಿಗೆ ಹೇಳೋ ಹಂಗ ಬಿಡಿಸಿ ಹೇಳಿದರು. ಯಾರು ಯಾವ ಊರು ಬಿಟ್ಟು ಯಾವ ಊರಿಗೆ ಹೋದರು ಅಂತ ಸರಕಾರ ತಿಳಕೋಬೇಕು. ಅದಕ್ಕಂತ ಎಲ್ಲ ದಾರಿಯಾಗೂ ಮಂದಿ ಕೂಡಸಲಿಕ್ಕೆ ಆಗತದೇನು? ಅದಕ್ಕ ಒಂದು ಸುಲಭದ ಉಪಾಯ. ಹುಟ್ಟಿದ ಊರು ಕೇಳಬೇಕು, ಈಗ ಇರೋ ಊರು ನೋಡಬೇಕು. ಎರಡೂ ಒಂದೇ ಜಿಲ್ಲೆ ಇದ್ದರ ಅಂವ ಕದಲಿಲ್ಲ. ಬ್ಯಾರೆ ಬ್ಯಾರೆ ಇದ್ದರ ಅಂವ ಊರು ಬಿಟ್ಟು ಬಂದಾಂವ. ನಡುವ ಎಷ್ಟು ಸಲ ಹೋದ, ಎಷ್ಟು ಸಲ ಬಂದ, ಯಾಕ ಬಂದ, ಅದನ್ನ ಕಾಗದ ಕೇಳೂದಿಲ್ಲ.

"ಅಂದ್ರ ನನ್ನ ಮಗ ಒಂದೂವರಿ ತಿಂಗಳ ಕೂಸಿದ್ದಾಗ ಬಗಲಾಗ ಬಂದದ್ದು ಊರು ಬಿಟ್ಟು ಬಂದಂಗ ಆತೇನು?" ಅಂದಳು ಅತ್ತಿ.

"ಹೌದ್ರಿ."

"ಮತ್ತ ಇಂವ ಹನ್ನೆರಡು ವರ್ಷ ಗಿರಣಿ ಹೊಗಿ ಕುಡಿದು ಬಂದದ್ದು?"

"ಅದು ಹೋಗೇ ಇಲ್ಲರಿ."

ಅತ್ತಿ ಸೆರಗು ಝಾಡಿಸಿ ಒಳಗ ಹೋದಳು. ಸರಕಾರಕ್ಕ ಬುದ್ಧಿ ಇಲ್ಲ ಅಂತ ಎಮ್ಮಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು.

ಇಷ್ಟಕ್ಕೇ ಬಿಟ್ಟಿದ್ದರ ನಗಿಯಾಗ ಹೋಗತಿತ್ತು. ಆದರ ಹತ್ತು ದಿನಕ್ಕ ಗಂಡನ ಕಾಗದ ಕಚೇರಿಯಿಂದ ತಿರುಗಿ ಬಂತು. ಅದರ ಬೆನ್ನಿಗೆ ಉರ್ದುವಿನಾಗ ಒಂದು ಸಾಲು ಗೀಚಿದ್ದರು. ನನ್ನ ಗಂಡನಿಗೆ ಕನ್ನಡ, ಸ್ವಲ್ಪ ಮೋಡಿ ಲಿಪಿ ಬರತಿತ್ತು, ಉರ್ದು ಬರತಿರಲಿಲ್ಲ. ಪೇಟೆಯಾಗ ಯಾರೋ ಅವಸರದಾಗ ನೋಡಿ, ನೀ ಮುಲ್ಕಿ ಅಂತ ಸಾಬೀತು ಆಗಿಲ್ಲ ಅಂದಾರಪ್ಪಾ ಅಂತ ಹೇಳಿ ಕಳಿಸಿದ್ದರು. ಅತ್ತಿಗೆ ಮುಂದಿನದು ಯಾರೂ ಹೇಳೋ ಗರಜೇ ಬೀಳಲಿಲ್ಲ. ಮಾಸ್ತರ ಹೊರಗಿನಾಂವ ಅಂತ ಬರೆದ, ಕಚೇರಿಯವರು ಅದನ್ನ ನೋಡಿದರು, ಮಗನ ನೌಕರಿ ಹೋತು. ಮಾಸ್ತರರಿಗೆ ಒಮ್ಮೆ ಆ ಕಾಗದ ತೋರಸೋಣು ಅಂತ ಗಂಡ ಅಂದ. ಗಾಯ ಮಾಡಿದಾಂವನ ಹತ್ತಿರಾನೇ ಔಷಧ ಕೇಳಾಕ ಹೊಂಟೀಯೇನು ಅಂತ ಅತ್ತಿ ಆ ಕಾಗದವನ್ನ ಮಡಚಿ ಜಂತಿಯ ಸಂದಿಯಾಗ ತುರುಕಿದಳು. ಮಾಸ್ತರರ ಸಂಗಾಟ ಮಾತು ಬಿಟ್ಟಳು. ಅವರು ಓಣಿಯಾಗ ಸಲಾಮ್ ಅಂದರ ಈಕಿ ಎಮ್ಮಿ ಕಡೆ ನೋಡತಿದ್ದಳು.

ಆಮ್ಯಾಲ ನನ್ನ ಕಡೆ ತಿರುಗಿ ಹೇಳಿದಳು: "ನನ್ನ ಮೊಮ್ಮಗ ಇದೇ ಮನ್ಯಾಗ ಹುಟ್ಟಬೇಕು. ನೀ ತವರಿಗೆ ಹೋಗಂಗಿಲ್ಲ."

ಈಗಿನ ಹುಡಿಗ್ಯಾರಿಗೆ ಇದರಾಗ ಏನು ದೊಡ್ಡದು ಅನಿಸಬಹುದು. ದವಾಖಾನಿ ಅದಾವ. ಆಗ ನಮ್ಮ ಓಣಿಗೆ ಇದ್ದದ್ದು ಒಬ್ಬಾಕಿ ಸೂಲಗಿತ್ತಿ. ಆಕಿಗೆ ಎರಡೂ ಕಣ್ಣಾಗ ಪೊರೆ. ಅದೇ ಶ್ರಾವಣದಾಗ ಬಾವಿಯ ಹತ್ತಿರದ ಮನಿಯಾಗ ಒಬ್ಬಾಕಿ ಚೊಚ್ಚಲದಾಗ ಕೂಸಿನ ಸಂಗಾಟ ತೀರಿ ಹೋಗಿದ್ದಳು. ನಮ್ಮ ಅವ್ವ ನಮ್ಮ ಊರಾಗ ಅರ್ಧ ಮಂದಿ ಕೂಸುಗಳನ್ನ ತೆಗದಾಕಿ. ಆಕಿಯ ಕೈಗೆ ಬಂದ ಕೂಸು ಕೆಟ್ಟದ್ದು ನಾ ಕೇಳಿಲ್ಲ. ನನಗ ಮಮತಿಗೆ ಅಂತಲ್ಲ, ಜೀವಕ್ಕ ಅವ್ವ ಬೇಕಾಗಿದ್ದಳು. ಇದನ್ನ ನಾ ಅತ್ತಿಗೆ ಹೇಳಿದೆ. ಆಕಿ, ನನಗೇನು ಗೊತ್ತಿಲ್ಲೇನು, ನಿನ್ನ ಗಂಡನನ್ನ ತೆಗದಾಕಿ ನಮ್ಮವ್ವ, ಆಕಿಯ ಹಿಂದ ದೀವಿಗಿ ಹಿಡಕೊಂಡು ನಿಂತಾಕಿ ನಿಮ್ಮವ್ವ, ಎಲ್ಲಾ ತವರಿನ ಅದೇ ಕೋಣಿಯಾಗ ಅಂದಳು. ಗೊತ್ತಿದ್ದೂ ಬ್ಯಾಡ ಅಂದಳು. ನಾಕಾದ ನೌಕರಿ ಇನ್ನೂ ಹುಟ್ಟದ ಕೂಸಿಗೂ ತಪ್ಪಬಾರದು ಅಂತ ಆಕಿಯ ಹಟ.

ಏಳು ತಿಂಗಳಿಗೆ ಅಪ್ಪ ಹಸಿರು ಸೀರಿ, ಬಳಿ, ಐದು ನಮೂನಿ ಉಂಡಿ ತಗೊಂಡು ಕುಬಸ ಮಾಡಿ ಕರಕೊಂಡು ಹೋಗಾಕ ಬಂದ. ಕುಬಸ ಆತು. ಕರಕೊಂಡು ಹೋಗೂದು ಆಗಲಿಲ್ಲ. ಅಪ್ಪ ಅಕ್ಕನ ಮುಂದ ಎಂದೂ ಬಾಯಿ ಬಿಟ್ಟಾಂವಲ್ಲ. ಹುಟ್ಟಿದ ಜಾಗದ್ದು, ಸನದಿನದ್ದು, ಎಮ್ಮಿದು ಎಲ್ಲ ಕೇಳಿ, ಹಂಗೇನಕ್ಕಾ, ಆಗಲಿಬಿಡು ಅಂದು, ಉಳಿದ ಎರಡು ಉಂಡಿ ತಿಂದು ವಾಪಸ್ ಹೋದ. ಅಂವ ಹೋದ ಮ್ಯಾಲ ನಾನು ಅಡಗಿ ಮನಿಯಾಗ ಕೂತು ಅತ್ತೆ. ಒಮ್ಮೆ ಅತ್ತದ್ದು, ಅಷ್ಟೇ. ರೊಟ್ಟಿ ಬಡೀಬೇಕಾಗಿತ್ತು.

ನಾನು ಕರದರ ಅವ್ವ ಬರೂದಿಲ್ಲ ಅಂತ ನನಗ ಖಾತ್ರಿ ಇತ್ತು. ಯಾಕಂದರ ನಮ್ಮ ಕಡೆ ಮಗಳಿಗೆ ಒಂದು ಕೂಸು ಆಗೋ ತನಕ ತಾಯಿ ಮಗಳ ಗಂಡನ ಮನಿಯಾಗ ಒಂದು ಹನಿ ನೀರು ಮುಟ್ಟೂದಿಲ್ಲ. ಉಣ್ಣದ ಮನಿಯಾಗ ತಿಂಗಳಗಟ್ಟಲೆ ಹ್ಯಾಂಗ ಇರೂದು? ಅಪ್ಪ ಹೋಗಿ ಹೇಳಿದ ಮ್ಯಾಲ ಅವ್ವ ಎರಡು ದಿನ ಮನಿಯಾಗಿನ ಜೋಳ, ಬ್ಯಾಳಿ ಅಳೆದಳಂತ. ಮೂರನೇ ದಿನ ಜೋಳ ಬೀಸಲಿಕ್ಕೆ ಕೂತಳಂತ.

ಎಳ್ಳ ಅಮಾಸಿ ಆಗಿ ಹೊಲದಾಗ ಎಳೆ ಜೋಳದ ಸೀತನಿ ಸುಡೋ ಹೊತ್ತಿಗೆ ಅವ್ವ ಬಂದಳು. ಮೋಟಾರು ರಸ್ತೆಯಿಂದ ಗಾಡಿ ಮಾಡಿಸಿಕೊಂಡು ಬಂದಿದ್ದಳು. ಗಾಡಿಯಿಂದ ಜೋಳದ ಹಿಟ್ಟಿನ ಚೀಲ ಇಳೀತು. ಬ್ಯಾಳಿ, ಖಾರ, ಉಪ್ಪು, ಎಣ್ಣಿ ಇಳೀತು. ಹಂಚು, ಕೊಡಪಾನ ಇಳೀತು. ಕಡೀಕ ಮೂರು ಕಲ್ಲು ಇಳಿದವು. ಅತ್ತಿ ಸೊಂಟದ ಮ್ಯಾಲ ಕೈ ಇಟ್ಟು ನೋಡತಾ ನಿಂತಿದ್ದಳು.

"ಕಲ್ಲು ಯಾಕವ್ವಾ? ಕಲ್ಯಾಣಿಯಾಗ ಕಲ್ಲಿಗೆ ಬರ ಬಂದೈತೇನು?"

"ನಿಮ್ಮ ಕಲ್ಲು ನಿಮ್ಮ ಮನೀವು ಅಕ್ಕಾ" ಅಂದಳು ಅವ್ವ. "ನಾ ನಿಮ್ಮ ಮನೀದು ಏನೂ ಮುಟ್ಟಂಗಿಲ್ಲ."

ಅಂಗಳದ ಬೇವಿನ ಗಿಡದ ಬುಡಕ ಮೂರು ಕಲ್ಲು ಹೂಡಿದಳು. ನೀರು ನಮ್ಮ ಬಾವಿದಲ್ಲ, ಊರ ಬಾವಿದು. ಪುಳ್ಳಿ ತಾನೇ ಆರಿಸಿಕೊಂಡು ಬರತಿದ್ದಳು. ತಾನು ಬೇಯಿಸಿಕೊಂಡು ತಾನು ಉಣತಿದ್ದಳು, ಮಲಗೂದು ಮಾತ್ರ ನನ್ನ ಹತ್ತಿರ. ಅತ್ತಿ ಒಂದು ದಿನ ಎಮ್ಮಿ ಹಾಲು ಕೊಟ್ಟಳು, ಅವ್ವ ಒಲ್ಲೆ ಅಂದಳು. ಅತ್ತಿ, ಗಾಳಿನೂ ಗಂಟು ಕಟಗೊಂಡು ಬರಬೇಕಾಗಿತ್ತಲ್ಲ, ನಮ್ಮ ಅಂಗಳದ್ದೇ ಕುಡೀಯಾಕತ್ತಿ ಅಂದಳು. ಅವ್ವ, ಹೋಗೂ ಮುಂದ ಇಲ್ಲೇ ಬಿಟ್ಟು ಹೋಗತೇನಿ ಅಂದಳು.

ಹಿಂಗ ಒಂದೇ ಅಂಗಳದಾಗ ಎರಡು ಒಲಿ ಉರಿದವು, ಒಂದು ತಿಂಗಳ ಮ್ಯಾಲ. ಇಬ್ಬರಿಗೂ ಸಣ್ಣ ವಯಸ್ಸಿನಿಂದ ಜಿದ್ದು. ಅತ್ತಿ ತವರಿಗೆ ಬಾಣಂತನಕ್ಕ ಬಂದಾಗ ಅವ್ವ ಆ ಮನಿಯ ಹೊಸ ಸೊಸಿ. ಬಾಣಂತಿಗೆ ಕೊಡೋ ಅಳ್ಳಿಟ್ಟಿನಾಗ ಹುರಿದ ಅಂಟು ಕಮ್ಮಿ ಹಾಕಿದ್ದಳಂತ. ಅದನ್ನ ಅತ್ತಿ ಇಷ್ಟು ವರ್ಷ ಮರೆತಿರಲಿಲ್ಲ. ಅಂಟು ಕಮ್ಮಿ ಇತ್ತೋ, ತಿನ್ನಾಕಿಯ ಹಲ್ಲು ಗಟ್ಟಿ ಇದ್ದವೋ ಅಂತ ಅವ್ವ. ನನ್ನ ಹೊಟ್ಟಿ ನೋಡಿ ಒಬ್ಬಾಕಿ ಗಂಡು ಅಂದರ ಇನ್ನೊಬ್ಬಾಕಿ ಹೆಣ್ಣು ಅನ್ನಾಕಿ. ನನ್ನನ್ನ ಯಾರೂ ಕೇಳಲಿಲ್ಲ.

ನೋವು ಬಂದದ್ದು ಮಧ್ಯಾಹ್ನ, ಮೊರದಾಗ ಜೋಳ ಹಸನು ಮಾಡಾಕತ್ತಿದ್ದಾಗ. ಓಣಿಯ ಸೂಲಗಿತ್ತಿಗೆ ಹೇಳಿ ಕಳಿಸಿದರು. ಆಕಿ ಕಿಲ್ಲಾದ ಕಡೆ ಇನ್ನೊಂದು ಮನಿಯಾಗ ಇದ್ದಳು, ಬರಲೇ ಇಲ್ಲ. ಅವ್ವ ಕೈ ತೊಳಕೊಂಡು ಕೂತಳು. ಅತ್ತಿ ನನ್ನ ಹಿಂದ ಕೂತು ರಟ್ಟಿ ಹಿಡಿದಳು. ಬಿಸಿಲು ಅಂಗಳದಿಂದ ಗ್ವಾಡಿ ಹತ್ತೋ ತನಕ ಇಬ್ಬರೂ ಒಂದು ಮಾತಿಗೂ ಜಗಳ ಆಡಲಿಲ್ಲ. ಅದರ ಮ್ಯಾಲಿಂದ ನನಗ ಪ್ರಸಂಗ ಕಠಿಣ ಐತಿ ಅಂತ ಗೊತ್ತಾತು. ಕೂಸಿನ ಕೊಳ್ಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಸುತ್ತಿತ್ತು. ಅವ್ವ ಒಂದು ಬೆರಳಿನಿಂದ ಬಿಡಿಸಿದಳು, ಜಡಿಯ ಗಂಟು ಬಿಡಿಸಿದ ಹಂಗ. ಕೂಸು ನೀಲಿ ಆಗಿತ್ತು. ಆಮ್ಯಾಲ ಕೆಂಪಾತು, ಆಮ್ಯಾಲ ಕಿರಿಚಿತು.

ಅತ್ತಿ ನನ್ನ ರಟ್ಟಿ ಬಿಟ್ಟಳು. ಅದರ ಗುರುತು ಎಂಟು ದಿನ ಇತ್ತು.

ಹೆಣ್ಣು ಕೂಸು. ಅವ್ವ ಅದನ್ನ ಒರೆಸಿ ಅತ್ತಿಯ ಉಡಿಯಾಗ ಹಾಕಿ, "ತಗೋ ಅಕ್ಕಾ ನಿನ್ನ ಮುಲ್ಕಿ. ಯಾವ ನಾಕಾದಾಗ ನೌಕರಿ ಕೊಡಸ್ತಿ ನೋಡು" ಅಂದಳು.

ಅತ್ತಿ ಕೂಸಿನ ಮಾರಿ ನೋಡಿ, ಮೂಗು ನಮ್ಮ ಮನೆತನದ್ದು ಅಂದಳು. ಅವ್ವ, ಯಾವ ಮನೆತನ, ಇಲ್ಲಿದೋ ಅಲ್ಲಿದೋ ಅಂತ ಕೇಳಿದಳು. ಎರಡೂ ಮನಿಯಾಗ ಅದೇ ಮೂಗು.

ಈಗ ಅವ್ವ ನಮ್ಮ ಮನಿಯಾಗ ಉಣ್ಣಬಹುದಾಗಿತ್ತು. ಆದರ ಹದಿಮೂರನೇ ದಿನ ತೊಟ್ಟಿಲಿಗೆ ಹಾಕೋ ತನಕ ಒಲ್ಲೆ ಅಂದಳು. ನನಗ ಅನಸೂ ಮಟ್ಟಿಗೆ ಅದು ನೇಮ ಅಲ್ಲ, ಬರೇ ಅತ್ತಿಗೆ ಕಾಡಲಿಕ್ಕೆ. ಹಂಗಾಗಿ ಒಂಬತ್ತನೇ ದಿನ ಖಾನೇಸುಮಾರಿಯ ಎರಡನೇ ಸುತ್ತು ಬಂದಾಗ ಬೇವಿನ ಬುಡಕ ಒಲಿ ಇನ್ನೂ ಉರಿಯಾಕತ್ತಿತ್ತು.

ಮಾಸ್ತರಸಾಹೇಬರು ಹಳೇ ಕಾಗದ ಹಿಡಕೊಂಡು, ಯಾರು ಸತ್ತರು, ಯಾರು ಹುಟ್ಟಿದರು, ಹೊಸಾದಾಗಿ ಯಾರು ಬಂದರು ಅಂತ ತಿದ್ದಿಕೋತ ಬಂದಿದ್ದರು. ನಾನು ಒಳಗ ಹೊರಸಿನ ಮ್ಯಾಲ. ಬಾಗಿಲಿನಿಂದ ಎಲ್ಲ ಕಾಣತಿತ್ತು, ಕೇಳತಿತ್ತು. ಅತ್ತಿ ಮೂರು ತಿಂಗಳ ಮ್ಯಾಲ ಅವರ ಸಂಗಾಟ ಮೊದಲನೇ ಮಾತು ಆಡಿದಳು.

"ಬರೀರಿ. ಕೂಸು ಹುಟ್ಟಿದ್ದು ಇಲ್ಲೇ. ಇದೇ ಮನಿ, ಇದೇ ಊರು. ದೊಡ್ಡ ಅಕ್ಷರದಾಗ ಬರೀರಿ."

ಮಾಸ್ತರರು ಮುಬಾರಕ್ ಅಂದು ಬರೆದರು. ಆಮ್ಯಾಲ ಅವರ ಕಣ್ಣು ಬೇವಿನ ಗಿಡದ ಕಡೆ ಹೋತು. ಅಲ್ಲಿ ಅವ್ವ ರೊಟ್ಟಿ ಬಡಿಯಾಕತ್ತಿದ್ದಳು. ಇವರು ಯಾರು ಅಂತ ಕೇಳಿದರು. ಬೀಗತಿ ಅಂತ ಅತ್ತಿ ಹೇಳಿದಳು. ಎಂದು ಬಂದರು? ತಿಂಗಳ ಮ್ಯಾಲಾತು. ಎಂದು ಹೋಗತಾರ? ಅತ್ತಿ, ಅದನ್ನ ಆಕಿನ್ನೇ ಕೇಳ್ರಿ, ನನಗ ಹೇಳಿಲ್ಲ ಅಂದಳು. ಅವ್ವ, ಮಗಳು ಏಳೂ ತನಕ ಅಂದಳು. ಮಾಸ್ತರರು ಮತ್ತ ಒಂದು ಕೇಳಿದರು: ಊಟ ಯಾವ ಒಲಿದು?

"ನಂದೇ ಒಲಿ, ನಂದೇ ಹಿಟ್ಟು, ಊರ ನೀರು" ಅಂದಳು ಅವ್ವ. ಅದನ್ನ ಎಷ್ಟು ಠೀವಿಯಿಂದ ಹೇಳಿದಳು ಅಂದರ ಯಾವ ಸರಕಾರ ಆದರೂ ನಂಬಬೇಕು.

ಮಾಸ್ತರರು ನಿಟ್ಟುಸಿರು ಬಿಟ್ಟು ಕಟ್ಟಿ ಮ್ಯಾಲ ಕೂತರು. ಸರಕಾರದ ಕಾನೂನು ಹಿಂಗ: ಒಂದು ಒಲಿಯಾಗ ಉಂಡವರು ಒಂದು ಮನಿ. ಒಂದೇ ಸೂರಿನ ಬುಡಕ ಎರಡು ಒಲಿ ಇದ್ದರ ಎರಡು ಮನಿ. ಅಣ್ಣತಮ್ಮರು ಜಗಳಾಡಿ ಒಲಿ ಬ್ಯಾರೆ ಮಾಡಿಕೊಂಡಲ್ಲೆಲ್ಲಾ ಅವರು ಹಂಗೇ ಬರಕೋತ ಬಂದಿದ್ದರು. ಈ ಅಮ್ಮನದು ಬ್ಯಾರೆ ಒಲಿ, ಅಂದರ ಬ್ಯಾರೆ ಮನಿ. ಯಜಮಾನಿ ಈಕಿನೇ. ಬ್ಯಾರೆ ಮುಲುಕಿನಾಗ ಹುಟ್ಟಿದಾಕಿ, ಇಲ್ಲಿ ಒಲಿ ಹೂಡಿದಾಕಿ. ಇನ್ನು ನಂಬರು ಬರೆಯೋಣಂದರ ಬಾಗಿಲಿಲ್ಲ. ಅತ್ತ ಇತ್ತ ನೋಡಿ, ಅವ್ವನನ್ನ ಸ್ವಲ್ಪ ಸರೀರಿ ಅಂದು, ಹೊರಮಗ್ಗಲ ಕಲ್ಲಿಗೆ ಗೇರಿನಿಂದ ನಮ್ಮ ಬಾಗಿಲದ ನಂಬರನ್ನೇ ಬರೆದು ಅದರ ಮುಂದ ಒಂದು ಅಲಿಫ್, ಅಂದರ ಉರ್ದುವಿನ ‘ಅ’, ಎಳೆದರು. ಕಲ್ಲು ಕಾದಿತ್ತು, ಗೇರು ಚುರ್ ಅಂದು ಕೂಡಲೇ ಒಣಗಿತು.

ಅತ್ತಿಗೆ ಈ ಕಡೆ ಲಕ್ಷ್ಯ ಇರಲಿಲ್ಲ. ಆಕಿ ಗೆದ್ದ ಖುಷಿಯಾಗ ಇದ್ದಳು. ಸ್ಟೂಲಿನ ಮ್ಯಾಲ ಹತ್ತಿ ಜಂತಿಯ ಸಂದಿಯಿಂದ ಆ ಮಡಚಿದ ಕಾಗದ ತೆಗೆದು, ಧೂಳು ಊದಿ, ಮಾಸ್ತರರ ಮುಂದ ಇಟ್ಟಳು. ನನ್ನ ಮಗನ ಅನ್ನಕ್ಕ ನೀವು ಕಲ್ಲು ಹಾಕಿದ್ದು ಇದು, ಮೊಮ್ಮಗಳಿಗೆ ಹಾಕಲಿಕ್ಕೆ ಆಗಲಿಲ್ಲ ಅಂದಳು.

ಮಾಸ್ತರರು ಕನ್ನಡಕ ಏರಿಸಿ ಕಾಗದದ ಬೆನ್ನು ಓದಿದರು. ಎರಡು ಸಲ ಓದಿದರು.

"ಅಮ್ಮಾ, ಇದರಾಗ ಹುಟ್ಟಿದ ಊರಿನ ಮಾತೇ ಇಲ್ಲ. ಹುಡುಗನ ತಂದಿ ಇದೇ ರಾಜ್ಯದಾಂವ ಅಂತ ಇಬ್ಬರು ಹಿರೇರ ಸಾಕ್ಷಿ ಹಚ್ಚಿ ಮತ್ತ ಕಳಸ್ರಿ ಅಂತ ಬರದಾರ."

ಅತ್ತಿ ಕಾಗದ ಕಸಗೊಂಡು ತಿರುಗಿಸಿ ನೋಡಿದಳು.

ಮಾಸ್ತರರು ಮೆಲ್ಲಗ ಹೇಳಿದರು. ಸನದು ಕೊಡೋವರು ನೋಡೂದು ತಂದಿ ಯಾರು ಅಂತ, ತಾಯಿ ಎಲ್ಲಿ ಹಡೆದಳು ಅಂತ ಅಲ್ಲ. ಎಲ್ಲಿ ಹಡೆದಳು ಅಂತ ಕೇಳೂದು ಖಾನೇಸುಮಾರಿ. ಇದು ಬ್ಯಾರೆ ಕಿತಾಬು, ಅದು ಬ್ಯಾರೆ ಕಿತಾಬು. ಒಂದರ ಮಾರಿ ಇನ್ನೊಂದು ನೋಡೂದೇ ಇಲ್ಲ. ಅಂದೇ ತೋರಿಸಿದ್ದರ ತಾವೇ ಒಬ್ಬ ಸಾಕ್ಷಿ ಆಗತಿದ್ದರು. ನನ್ನ ಮಾವ ಮತ್ತು ಮಾಸ್ತರರ ತಂದಿ ಒಂದೇ ಕೆರಿಯಾಗ ಈಜು ಕಲಿತವರು.

ಅಂಗಳದಾಗ ಅವ್ವನ ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ಅವ್ವ ನಗಲಿಲ್ಲ. ನಕ್ಕಿದ್ದರ ಅತ್ತಿಗೆ ಹಗುರಾಗತಿತ್ತು, ಜಗಳಕ್ಕ ದಾರಿ ಸಿಗತಿತ್ತು. ಅವ್ವ ಹಿಟ್ಟಿನ ಕೈ ತೊಳಕೊಂಡು ಎದ್ದು ಬಂದು ಕೇಳಿದಳು: "ಅಂದ್ರ ಇಕಿ ನನ್ನ ಹಂತ್ಯಾಕ ಬಂದು ಹಡೀಬಹುದಾಗಿತ್ತು?"

"ಹೌದ್ರಿ" ಅಂದರು ಮಾಸ್ತರರು. ಅಷ್ಟು ಹೇಳಿ ಡಬ್ಬಿ ಕುಂಚ ಎತ್ತಿಕೊಂಡು, ಇನ್ನೂ ಭಾಳ ಮನಿ ಅದಾವ ಅಂತ ಲಗುಬಗೆಯಿಂದ ಹೋದರು.

ಅತ್ತಿ ಎಮ್ಮಿಗೆ ಮೇವು ಹಾಕಲಿಕ್ಕೆ ಹೋದಳು. ಅದಕ್ಕ ಮುಂಜಾನೆ ಹಾಕಿದ ಮೇವೇ ಹಂಗೇ ಇತ್ತು. ತಪ್ಪಾತು ಅಂತ ಆಕಿ ಅಂದೂ ಅನ್ನಲಿಲ್ಲ, ಸಾಯೋ ತನಕ ಅನ್ನಲಿಲ್ಲ. ನಾನೂ ಅದರ ಹಾದಿ ಕಾಯಲಿಲ್ಲ. ವಾಪಸ್ ಬಂದು ನನ್ನ ಹೊರಸಿನ ಕಾಲಿಗೆ ಕೂತು, ಕೂಸಿನ ಕೊಳ್ಳು ತಟಗು ನೋಡಿ, "ಸುತ್ತಿದ್ದ ಗುರುತು ಹೋತು" ಅಂದಳು. ಆಮ್ಯಾಲ ಅವ್ವನಿಗೆ ಕೇಳೋ ಹಂಗ, ತೊಟ್ಟಿಲು ಆಗಲಿ, ಕೂಸಿಗೆ ತಿಂಗಳು ತುಂಬಲಿ, ಉಳಿದ ಬಾಣಂತನಕ್ಕ ಕರಕೊಂಡು ಹೋಗು ಅಂದಳು. ನಾನೂ ಬರತೇನಿ, ಅದು ನಂದೂ ತವರು ಅಂತನೂ ಅಂದಳು.

ಗಂಡನ ಕಾಗದ ಮಾಸ್ತರರದು ಒಂದು, ಎದುರು ಮನಿ ಮುದುಕನದು ಒಂದು, ಎರಡು ಸಾಕ್ಷಿ ಹಚ್ಚಿಕೊಂಡು ಮತ್ತ ಕಚೇರಿಗೆ ಹೋತು. ಆ ವರ್ಷದ ಮಳಿಗಾಲದಾಗ ನೌಕರಿ ಸಿಕ್ಕಿತು. ಕೊಟ್ಟ ಖಾಕಿ ಕೋಟು ಇಬ್ಬರಿಗೆ ಸಾಲತಿತ್ತು.

ಅದಕ್ಕ ಮೊದಲೇ, ಇತ್ತ ಕೂಸಿಗೆ ತಿಂಗಳು ತುಂಬಿತು. ಎಮ್ಮಿಯನ್ನ ಎದುರು ಮನಿಯ ಮುದುಕನಿಗೆ ಒಪ್ಪಿಸಿದೆವು. ಎಲ್ಲಿಗೂ ಹೋಗದಾಂವ ಅಂತ ಸರಕಾರವೇ ಬರದೈತಿ, ನಂಬಿಕಿ ಐತಿ ಅಂತ ಅತ್ತಿ ಅವನಿಗೆ ಹೇಳಿದಳು. ಅತ್ತಿ ಮತ್ತ ಮೊದಲಿನ ಹಂಗ ಮಾತಾಡಲಿಕ್ಕೆ ಹತ್ತಿದ್ದು ಕೇಳಿ ನನಗ ಸಮಾಧಾನ ಆತು. ಗಾಡಿ ಹೂಡಿ ಗಂಟು ಏರಿಸೋ ಹೊತ್ತಿಗೆ ಆಕಿ ಬೇವಿನ ಬುಡಕ ಹೋಗಿ ಆ ನಂಬರಿನ ಕಲ್ಲು ಎತ್ತಿಕೊಂಡು ಬಂದು ಅವ್ವನ ಉಡಿಯಾಗ ಇಟ್ಟಳು.

"ನಿನ್ನ ಮನಿ ನೀ ಒಯ್ಯಿ. ಹಿಂದ ಉಳಿದರ ನಾ ಅದಕ್ಕ ದೀಪ ಹಚ್ಚಕೋತ ಕೂಡಬೇಕಾಗತದ."

ಅವ್ವ ಬ್ಯಾಡ ಅನ್ನಲಿಲ್ಲ. ಉಳಿದ ಎರಡು ಕಲ್ಲು ಅಲ್ಲೇ ಬಿಟ್ಟಳು, ಇದೊಂದನ್ನ ಸೀರಿಯ ಗಂಟಿನಾಗ ಕಟ್ಟಿದಳು.

ಮೋಟಾರು ರಸ್ತೆಗೆ ಬಂದೆವು. ನನ್ನ ಗಂಡ ಹುಮನಾಬಾದದಾಗ ಹತ್ತಿ ನಾಲ್ಕು ಜಾಗ ಹಿಡಕೊಂಡು ಬಂದಿದ್ದ. ಕೂಸಿಗೂ ಒಂದು ಹಿಡಿದಿದ್ದ, ಅದರ ಸಲುವಾಗಿ ಕಂಡಕ್ಟರನ ಸಂಗಾಟ ವಾದ ಆಗಿತ್ತು. ಸಂಜೀಕ ಮೋಟಾರು ಗಡಿಯ ನಾಕಾದಾಗ ನಿಂತಿತು. ಸಿಪಾಯಿ ಎಲ್ಲರ ಗಂಟು ಬಿಚ್ಚಿಸಿದ. ಅವ್ವನ ಸೀರಿ ಗಂಟಿನಾಗ ಕೈ ಹಾಕಿದವನು ಕಲ್ಲು ಹೊರಗ ತೆಗೆದ. ಒಂದು ಮಗ್ಗಲು ಮಸಿ, ಇನ್ನೊಂದು ಮಗ್ಗಲು ಸರಕಾರಿ ಗೇರಿನ ನಂಬರು, ಮುಂದ ಅಲಿಫ್. ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷದಾಗ ಇಂಥದ್ದು ಅವನ ಕೈಗೆ ಸಿಕ್ಕಿರಲಿಕ್ಕಿಲ್ಲ.

"ಇದೇನಮ್ಮಾ?"

"ನನ್ನ ಮನಿ" ಅಂದಳು ಅವ್ವ.

ಅಂವ ನನ್ನ ಗಂಡನ ಮಾರಿ ನೋಡಿದ. ಮುಂದ ಇದೇ ಇಲಾಖೆಯಾಗ ಸೇರೋ ಮನುಷ್ಯ ಮುಗಿಲು ನೋಡತಾ ನಿಂತಿದ್ದ. ಹಿಂದಿನ ಸೀಟಿನಿಂದ ಅತ್ತಿ, "ಸಣ್ಣ ಮನಿ ಐತೆಪ್ಪಾ, ಅದಕ್ಕೂ ಸುಂಕ ಬೀಳತೈತೇನು ನೋಡು" ಅಂದಳು. ಸಿಪಾಯಿ ಕಲ್ಲನ್ನ ತಾನೇ ಗಂಟಿನಾಗ ಇಟ್ಟು, ತಾನೇ ಗಂಟು ಹಾಕಿ, ಹೋಗ್ರಿ ಅಂದ. ಮೋಟಾರು ಹೊಂಟ ಮ್ಯಾಲ ಇಬ್ಬರೂ ನಗಲಿಕ್ಕೆ ಹತ್ತಿದರು. ಒಬ್ಬಾಕಿ ನಿಲ್ಲಿಸಿದರ ಇನ್ನೊಬ್ಬಾಕಿ ಶುರು ಮಾಡತಿದ್ದಳು. ಕೂಸು ಎದ್ದು ಅತ್ತಿತು, ಆದರೂ ನಿಲ್ಲಿಸಲಿಲ್ಲ.

ಅವ್ವ ಆ ಕಲ್ಲನ್ನ ಹಿತ್ತಲ ಒಲಿಗೆ ಕೂಡಿಸಿದಳು. ಅದರ ಮ್ಯಾಲ ನನಗ ಎರೆಯೋ ನೀರು ಕಾಸಿದಳು, ಅತ್ತಿಗೆ ಅಳ್ಳಿಟ್ಟು ಹುರಿದಳು. ಅಂಟು ಕೈತುಂಬ ಹಾಕಿದಳು. ಅತ್ತಿ ತಿಂದು, ಈ ಸಲ ಜಾಸ್ತಿ ಆಗೈತಿ ಅಂದಳು. ಹತ್ತು ದಿನದಾಗ ಮಸಿ ಹತ್ತಿ ನಂಬರು ಮುಚ್ಚಿ ಹೋತು. ಕಲ್ಯಾಣಿಯ ಕಾಗದದಾಗ ಮಾತ್ರ ಅವ್ವ ನಮ್ಮ ಬೇವಿನ ಬುಡಕ ಬ್ಯಾರೆ ಮನಿ ಮಾಡಿಕೊಂಡು ಇನ್ನೂ ಅಲ್ಲೇ ಇದ್ದಳು, ಮುಂದಿನ ಖಾನೇಸುಮಾರಿ ಬರೋ ತನಕ.